ಅತ್ತೆ ಬರೆಸಿದ ಒಂದೇ ಹೆಸರು

ನೋಟರಿ ಮನೆಗೆ ಬರುವ ದಿನ ಜ್ಯೋತಿಲಕ್ಷ್ಮಿ ಒಬ್ಬಟ್ಟು ಮಾಡಿದ್ದಳು. ಸಾವಿನ ಕಾಗದ ಬರೆಸುವ ದಿನ ಯಾರಾದರೂ ಒಬ್ಬಟ್ಟು ತಟ್ಟುತ್ತಾರೆಯೇ ಎಂದು ನೀವು ಕೇಳಬಹುದು. ಅವಳ ಗಂಡ ನಾಗಭೂಷಣನೂ ಕೇಳಿದ. ಮಧುಗಿರಿಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟವರು ಮನೆಗೆ ಬಂದವರನ್ನು ಬರೀ ಟೀ ಕೊಟ್ಟು ಕಳಿಸುವುದಕ್ಕಾಗುತ್ತದೆಯೇ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ನಿಜವಾದ ಕಾರಣ ಬೇರೆ. ಶಿರಾದಿಂದ ನಾದಿನಿ ಲೋಹಿತಾ ಬರುವವಳಿದ್ದಳು. ಲೋಹಿತಾ ಬರುವ ದಿನ ಈ ಮನೆಯ ಅಡಿಗೆಯಲ್ಲಿ ಎರಡು ಪದಾರ್ಥ ಹೆಚ್ಚಾಗುತ್ತಿದ್ದವು. ಪ್ರೀತಿಗಲ್ಲ. ತವರಿಗೆ ಬಂದವಳಿಗೆ "ಅವ್ವ ಮಾಡ್ತಿದ್ದಾಗ ಎಷ್ಟು ಚೆನ್ನಾಗಿರೋದು" ಅನ್ನುವುದಕ್ಕೆ ಸಂದು ಸಿಗಬಾರದು, ಅಷ್ಟೇ.

ಅವ್ವ ಎಂದರೆ ಸಿದ್ಧಗಂಗಮ್ಮ, ನಾಗಭೂಷಣ ಮತ್ತು ಲೋಹಿತಾರ ತಾಯಿ. ಆಂಧ್ರದ ಗಡಿಯ ಪಾವಗಡದ ತಿರುಮಣಿಯಿಂದ ಸೊಸೆಯಾಗಿ ಬಂದವಳು. ಇಷ್ಟು ವರ್ಷವಾದರೂ ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುತ್ತಿತ್ತು. ನಡುಕದ ಕಾಯಿಲೆ ಹಿಡಿದು ವರ್ಷಗಳಾಗಿದ್ದವು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಈಗ ಗಂಟಲು. ನೀರು ಕುಡಿದರೆ ಕೆಮ್ಮು, ಕೆಮ್ಮಿದರೆ ಜ್ವರ. ತಿಂದದ್ದು ಶ್ವಾಸಕೋಶಕ್ಕೆ ಇಳಿದು ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಳು. ತುಮಕೂರಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಇದು ವಾಸಿಯಾಗುವ ಕಾಯಿಲೆಯಲ್ಲ, ಮುಂದಿನ ಸಲ ಉಸಿರಾಟದ ಮಿಷನ್ ಬೇಕಾಗಬಹುದು, ಒಮ್ಮೆ ಹಾಕಿದರೆ ಅದರಿಂದ ಇಳಿಸುವುದು ಕಷ್ಟ.

ಆ ಮಿಷನ್ನು ಸಿದ್ಧಗಂಗಮ್ಮನಿಗೆ ಹೊಸದಲ್ಲ. ಕೊರೊನಾಕ್ಕಿಂತ ಮುಂಚೆ ಅವಳ ಗಂಡ ರೇಣುಕಯ್ಯನವರು ಮೆದುಳಿನಲ್ಲಿ ರಕ್ತನಾಳ ಒಡೆದು ಬಿದ್ದಾಗ, ಅಪ್ಪನನ್ನು ಬಿಡಲಾರದೆ ಮಕ್ಕಳಿಬ್ಬರೂ ತಿಂಗಳಿಗೂ ಮೀರಿ ಅದರ ಮೇಲೆ ಇಟ್ಟಿದ್ದರು. ಪೈಪು ಕಿತ್ತುಕೊಳ್ಳುತ್ತಾರೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಕೊನೆಗೆ ನಮ್ಮ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡುವಾಗ, ಮಣಿಕಟ್ಟಿನ ಮೇಲಿನ ಕಪ್ಪು ಗೆರೆಗಳು ಎಷ್ಟು ವಿಭೂತಿ ಬಳಿದರೂ ಮುಚ್ಚಲಿಲ್ಲ. ಸಿದ್ಧಗಂಗಮ್ಮ ಅದನ್ನು ಮರೆತಿರಲಿಲ್ಲ.

ಹೀಗಿರುವಾಗ ಜ್ಯೋತಿಲಕ್ಷ್ಮಿಯ ಮಗಳು ಮಾನಸ, ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದವಳು, ಒಂದು ಭಾನುವಾರ ಊಟಕ್ಕೆ ಕೂತಾಗ ಹೊಸ ಸುದ್ದಿ ಹೇಳಿದಳು.

"ಬುದ್ಧಿ ಸರಿಯಾಗಿರೋವಾಗ್ಲೇ ಬರೆದಿಡ್ಬೋದು ಅಜ್ಜಿ. ವಾಸಿಯಾಗಲ್ಲ ಅಂತ ಗೊತ್ತಾದ್ಮೇಲೆ ಮಿಷನ್ ಬೇಡ, ಪೈಪ್ ಬೇಡ ಅಂತ. ಸರ್ಕಾರವೂ ಆದೇಶ ಮಾಡಿದೆ."

"ಸೂಜಿ ಕೊಟ್ಬುಡ್ತಾರಾ?" ನಾಗಭೂಷಣ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದ.

"ಇಲ್ಲಪ್ಪ. ಸೂಜಿ ಕೊಟ್ಟು ಸಾಯ್ಸೋದು ನಮ್ಮ ದೇಶದಲ್ಲಿ ಅಪರಾಧ. ಇದು ಹೋಗೋರನ್ನ ತಡೆದು ಹಿಡ್ಕೊಳ್ದೇ ಇರೋದು. ಅದಕ್ಕೂ ಡಾಕ್ಟರ್‌ಗಳು ಎರಡು ಸಲ ಬೋರ್ಡ್ ಮಾಡ್ಕೊಂಡು ಕೂತು ನೋಡ್ಬೇಕು. ಆಮೇಲೆ ಅಜ್ಜಿ ಯಾರ ಹೆಸರು ಬರೆಸಿರ್ತಾರೋ ಅವ್ರು ಒಪ್ಪಿ ಸೈನ್ ಹಾಕ್ಬೇಕು."

"ಬರ್ಸು," ಅಂದಳು ಸಿದ್ಧಗಂಗಮ್ಮ. ಮಾತು ನಾಲಿಗೆಯಲ್ಲಿ ತೊದಲುತ್ತಿತ್ತು, ಆದರೆ ಅರ್ಥವಾಗದಷ್ಟಲ್ಲ. "ನಾಳೇನೇ ಬರ್ಸು."

ನಾಳೆ ಆಗಲಿಲ್ಲ, ಹದಿನೈದು ದಿನ ಹಿಡಿಯಿತು. ನೋಟರಿ ಮಲ್ಲೇಶ್ ಬಂದ. ಸಾಕ್ಷಿ ಹಾಕಲು ಪಕ್ಕದ ಮನೆಯ ಮೂಡಲಗಿರಿಯಪ್ಪ ಮೇಷ್ಟ್ರೂ ಮಂಡಿಯ ಗುಮಾಸ್ತನೂ ಬಂದರು. ಮೇಷ್ಟ್ರು ಪೆನ್ನು ತೆಗೆಯುವ ಮುಂಚೆ ಗಂಟಲು ಸರಿ ಮಾಡಿಕೊಂಡರು.

"ಗಂಗಮ್ನೋರೆ, ಬೇಜಾರು ಮಾಡ್ಕೋಬೇಡಿ. ನಮ್ಮಿಷ್ಟ ಬಂದಂಗೆ ಎದ್ದು ಹೋಗಾಕೆ ಇದೇನು ಸಂತೆಯಾ? ಶಿವ ಕರೆದಾಗ ಹೋಗ್ಬೇಕು."

"ಶಿವ ಕರೆದಾಗ ಹೋಗಾಕೆ ಬುಡ್ರಿ ಅಂತ್ಲೇ ನಾನೂ ಬರೆಸ್ತಿರೋದು ಮೇಷ್ಟ್ರೆ," ಅಂದಳು ಸಿದ್ಧಗಂಗಮ್ಮ. "ಅವ್ನು ಕರೀತಾನೆ, ನೀವು ಪೈಪ್ ಹಾಕಿ ಹಿಡ್ಕೋತೀರಿ. ನಾನೇನ್ ಮಾಡ್ಲಿ?"

ಮೇಷ್ಟ್ರು ಒಬ್ಬಟ್ಟು ಮುರಿದರು.

"ಹೆಸರು ಯಾರ್ದು ಹಾಕ್ಲಿ ಅಮ್ಮಾರೆ?" ಮಲ್ಲೇಶ್ ಕೇಳಿದ. "ಒಬ್ಬರಿಗಿಂತ ಜಾಸ್ತಿ ಹಾಕ್ಬೋದು. ಮಗಂದು ಒಂದು, ಮಗಳದ್ದು ಒಂದು ಹಾಕ್ಲಾ?"

"ಹೂಂ, ಎರಡೂ ಹಾಕಿ," ಅಂದಳು ಲೋಹಿತಾ. ತಾಯಿಯ ಮಗ್ಗುಲಲ್ಲೇ ಕೂತು ಅವಳ ಸೆರಗು ಸರಿ ಮಾಡುತ್ತಿದ್ದಳು.

"ಬೇಡ. ಒಂದೇ," ಅಂದಳು ಸಿದ್ಧಗಂಗಮ್ಮ. "ಜ್ಯೋತಿಲಕ್ಷ್ಮಿ."

ಒಬ್ಬಟ್ಟಿನ ಮೇಲೆ ತುಪ್ಪ ಬಿಡುತ್ತಿದ್ದ ಜ್ಯೋತಿಲಕ್ಷ್ಮಿಯ ಕೈ ಹಾಗೇ ನಿಂತಿತು, ತುಪ್ಪ ಮಾತ್ರ ನಿಲ್ಲಲಿಲ್ಲ. ಮೇಷ್ಟ್ರ ತಟ್ಟೆ ತುಂಬಿ ಹರಿಯಿತು. ಲೋಹಿತಾ ಸೆರಗು ಬಿಟ್ಟಳು. ಇಪ್ಪತ್ತೆರಡು ವರ್ಷ ಈ ಅತ್ತೆ ಸೊಸೆ ಒಂದು ದಿನವೂ ಉಪ್ಪಿನ ವಿಷಯಕ್ಕೆ ಜಗಳವಾಡದೆ ಊಟ ಮುಗಿಸಿದವರಲ್ಲ. ಹೆತ್ತ ಮಗ, ಹೆತ್ತ ಮಗಳು ಎದುರಿಗಿದ್ದಾರೆ. ಹೆಸರು ಮಾತ್ರ ಸೊಸೆಯದ್ದು!

"ಅಲ್ಲ ಅವ್ವ, ನಾನು?" ಲೋಹಿತಾಳ ದನಿ ಒಡೆಯಿತು.

"ನಿನ್ಗೆ ಕಣ್ಣೀರು ಒರೆಸ್ಕೊಳ್ಳಾಕೇ ಟೈಮ್ ಸಾಲಲ್ಲ. ಪೋನೀಲೇ," ಅಂದಳು ತಾಯಿ. ಹೋಗಲಿ ಬಿಡು ಅನ್ನುವುದಕ್ಕೆ ಅವಳದು ಯಾವಾಗಲೂ ಆ ತೆಲುಗು ಮಾತೇ.

ಜ್ಯೋತಿಲಕ್ಷ್ಮಿ ಒಪ್ಪಿಗೆಯ ಜಾಗದಲ್ಲಿ ಉದ್ದಕ್ಕೆ ಸೈನ್ ಮಾಡಿದಳು. ಆಮೇಲೆ ಲೋಹಿತಾಳ ತಟ್ಟೆಗೆ ಬೇಡಬೇಡವೆಂದರೂ ಎರಡು ಒಬ್ಬಟ್ಟು ಹಾಕಿದಳು. ಆ ದಿನ ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಸಹಿ ಮಾಡಿದ್ದು ಯಾತಕ್ಕೆ ಅನ್ನುವುದೇ ಮರೆತುಹೋಗಿತ್ತು.

ಮುಂದಿನ ಎರಡು ವಾರ ಜ್ಯೋತಿಲಕ್ಷ್ಮಿಯ ನಡಿಗೆಯೇ ಬೇರೆ. ತರಕಾರಿಯವಳ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ಹೋದರೂ ಮಾತು ತಿರುಗಿ ತಿರುಗಿ ಅಲ್ಲಿಗೇ. "ಕಾನೂನು ಪ್ರಕಾರ ನನ್ನ ಹೆಸರೇ ಬರೆಸವ್ರೆ ಕಣಮ್ಮ. ಮಕ್ಕಳನ್ನ ಬುಟ್ಟು ನನ್ನ." ಕೇಳಿದವರು ಆಸ್ತಿ ಇರಬೇಕೆಂದುಕೊಂಡರು. ಅವಳು ತಿದ್ದಲೂ ಇಲ್ಲ.

ಆ ಸುದ್ದಿ ಬಸ್ಸು ಹತ್ತಿ ಶಿರಾಕ್ಕೂ ಹೋಯಿತು. ವಾರಕ್ಕೊಮ್ಮೆ ಬರುತ್ತಿದ್ದ ಲೋಹಿತಾ ಎರಡು ದಿನಕ್ಕೊಮ್ಮೆ ಬರತೊಡಗಿದಳು, ಕೈಯಲ್ಲಿ ಟಿಫಿನ್ ಕ್ಯಾರಿಯರ್.

"ನಮ್ಮನೆಯವ್ರು ಕೇಳುದ್ರು ಅತ್ತಿಗೆ," ಅಂದಳು ಒಂದು ದಿನ ಚಪ್ಪಲಿ ಬಿಡುವ ಮುಂಚೆಯೇ. "ತಿರುಮಣೀಲಿ ಅವ್ವನ ಹೊಲ ಸೋಲಾರ್‌ನೋರಿಗೆ ಕೊಟ್ಟಿರೋ ಗುತ್ತಿಗೆ ದುಡ್ಡೂ ಅದೇ ಕಾಗದದಲ್ಲಿ ಐತಾ ಅಂತ."

"ನಿಮ್ಮನೆಯವ್ರಿಗೆ ಓದಾಕೆ ಬತ್ತದಲ್ಲ? ಜೆರಾಕ್ಸ್ ಕೊಡ್ತೀನಿ, ಕನ್ನಡಕ ಹಾಕ್ಕೊಂಡು ಓದ್ಕೊಳ್ಳಿ ಪ್ರಸನ್ನಕುಮಾರ್‌ನೋರು. ಸಾಯೋ ವಿಷ್ಯ ಬುಟ್ರೆ ಒಂದು ಕಾಸಿನ ವಿಷ್ಯ ಇಲ್ಲ ಅದ್ರಲ್ಲಿ."

"ಸಾಯೋ ವಿಷ್ಯ ಅಂದ್ರೆ ಎಷ್ಟು ಸಲೀಸಾಗಿ ಅಂತೀರಲ್ಲ!"

"ನಿಮ್ಮವ್ವನೇ ಅಂದಿದ್ದು."

ಸಿದ್ಧಗಂಗಮ್ಮನಿಗೆ ತೆಳ್ಳಗಿನದ್ದು ಏನೂ ಕೊಡಬಾರದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಗಟ್ಟಿಯಾದದ್ದನ್ನು, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಜ್ಯೋತಿಲಕ್ಷ್ಮಿ ದಿನಾ ಮೂರು ಹೊತ್ತು ರಾಗಿ ಸರಿ ಕಾಸುತ್ತಿದ್ದಳು. ಮಕ್ಕಳಿಗೆ ತಿನ್ನಿಸುವಂಥದ್ದೇ, ಇನ್ನಷ್ಟು ಗಟ್ಟಿ. ಒಂದು ಬಟ್ಟಲು ತಿನ್ನಿಸಲು ಮುಕ್ಕಾಲು ಗಂಟೆ. ಸೊಂಟ ಹಿಡಿದುಕೊಳ್ಳುತ್ತಿತ್ತು. ಸಿದ್ಧಗಂಗಮ್ಮ ಮುಖ ಸಿಂಡರಿಸಿಕೊಂಡೇ ನುಂಗುತ್ತಿದ್ದಳು. "ಗೋಡೆಗೆ ಮೆತ್ತೋ ಮಣ್ಣು ಇದ್ದಂಗೈತೆ" ಅನ್ನುವುದು ಅವಳು ದಿನಾ ಹೇಳುವ ಮಾತು.

ಲೋಹಿತಾ ಬಂದರೆ ಮಾತ್ರ ಅದೇ ಮುಖ ಅರಳುತ್ತಿತ್ತು. ಮಗಳು ಹಿಸುಕಿದ ಬಾಳೆಹಣ್ಣು ತಿನ್ನಿಸಲಿ, ಕಲಸಿದ ಮೊಸರನ್ನವೇ ಇರಲಿ, "ಲೋಹಿ ಕೈ ರುಚಿಯೇ ರುಚಿ" ಅನ್ನುವಳು. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂದು ಗಾದೆ ಮಾಡಿದವರು ಈ ಮನೆಯನ್ನು ನೋಡಿಯೇ ಮಾಡಿರಬೇಕು. ಜ್ಯೋತಿಲಕ್ಷ್ಮಿ ಅಡಿಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಕಾಗದದಲ್ಲಿ ತನ್ನ ಹೆಸರು, ಬಾಯಲ್ಲಿ ಅವಳ ಹೆಸರು. ಇದೆಂಥ ನ್ಯಾಯ?

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಲೋಹಿತಾ ಅದನ್ನು ಎತ್ತಿಯೇಬಿಟ್ಟಳು.

"ಅವ್ವ, ಇವತ್ತು ಹೇಳ್ಲೇಬೇಕು ನೀನು. ನಾನು ನಿನ್ಗೆ ಏನು ಕಮ್ಮಿ ಮಾಡ್ದೆ? ಅತ್ತಿಗೆ ಹೆಸರು ಯಾಕೆ ಬರೆಸ್ದೆ?"

"ತಿನ್ನೋವಾಗ ಅದ್ಯಾಕೆ ಲೋಹಿತಾ," ಅಂದ ನಾಗಭೂಷಣ.

"ಸುಮ್ನಿರಣ್ಣ. ನೀನು ಹಿಂಗೆ ತಲೆ ಬಗ್ಗಿಸ್ಕೊಂಡು ತಿಂದೂ ತಿಂದೂ ಈ ಮನೇಲಿ ಎಲ್ಲಾ ಅವ್ರದ್ದೇ ಆಯ್ತು."

"ಹೇಳಿ ಅತ್ತೆಮ್ಮ," ಅಂದಳು ಜ್ಯೋತಿಲಕ್ಷ್ಮಿ ಸಾರಿನ ಸೌಟು ಹಿಡಿದು ನಿಂತು. ಅವಳಿಗೂ ಅದನ್ನು ನಾದಿನಿಯ ಎದುರಿಗೇ ಕೇಳಬೇಕಿತ್ತು. "ಅವ್ಳೂ ಕೇಳ್ಲಿ."

ಸಿದ್ಧಗಂಗಮ್ಮ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು.

"ನೀನು ನನ್ನ ಬುಡಾಕಿಲ್ಲ ಕಣೆ ಲೋಹಿ. ನಿಮ್ಮಣ್ಣನೂ ಬುಡಾಕಿಲ್ಲ. ನಿಮ್ಮಪ್ಪನ್ನ ಬುಡಕ್ಕಾಗ್ದೆ ಏನ್ ಗತಿ ಮಾಡುದ್ರಿ, ನೋಡ್ದಲ್ಲ. ಜ್ಯೋತಿ ಆದ್ರೆ ಬುಟ್ಬುಡ್ತಾಳೆ. ಅವ್ಳಿಗೆ ನಾನೇನು ಹೆತ್ತವ್ವನಾ?"

ಅವಳು ಅದನ್ನು ಹೊಗಳಿಕೆಯೆಂದೇ ಹೇಳಿದ್ದು. ಗಟ್ಟಿ ಮನಸ್ಸಿನವಳು ಅನ್ನುವ ಅರ್ಥದಲ್ಲಿ. ಲೋಹಿತಾಳ ಕಣ್ಣಲ್ಲಿ ನೀರು ಬಂತು, ಆದರೆ ಅದು ಬೇರೆ ನೀರು. ಎದ್ದು ಎಂಜಲು ಕೈಯಲ್ಲೇ ಹೋಗಿ ತಾಯಿಯ ಕೊರಳು ತಬ್ಬಿಕೊಂಡಳು. "ಹೂಂ ಕಣವ್ವ, ಬುಡಾಕಿಲ್ಲ, ಯಾವತ್ತೂ ಬುಡಾಕಿಲ್ಲ," ಎಂದು ಅತ್ತಳು.

ಜ್ಯೋತಿಲಕ್ಷ್ಮಿ ಸೌಟು ಇಟ್ಟು ಒಳಗೆ ಹೋದಳು. ಆ ದಿನ ಅವಳು ಊಟ ಮಾಡಲಿಲ್ಲ, ಯಾಕೆಂದು ಯಾರೂ ಕೇಳಲೂ ಇಲ್ಲ. ಮಲ ಮೂತ್ರ ಬಳಿದದ್ದು, ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಿದ್ದು, ಎಲ್ಲ ಮಾಡಿ ಕೊನೆಗೆ ಸಿಕ್ಕಿದ್ದು ಈ ಬಿರುದು. ಬಿಟ್ಟುಬಿಡುವವಳು! ಎರಡು ವಾರ ಊರೆಲ್ಲ ಸಾರಿಕೊಂಡು ಬಂದಿದ್ದಕ್ಕೆ ಅವಳ ಮುಖ ಹೊತ್ತಿ ಉರಿಯಿತು.

"ಅವ್ವ ಅಂಗಂದಿದ್ದು ನಿನ್ನ ಮೇಲೆ ನಂಬಿಕೆ ಇಟ್ಟು ಕಣೆ," ಅಂದ ನಾಗಭೂಷಣ ಸಾಯಂಕಾಲ.

"ಕಟುಕನ ಮೇಲೂ ನಂಬಿಕೆ ಇರ್ತದೆ ಕಣ್ರಿ. ಕತ್ತಿ ಚೆನ್ನಾಗಿ ಹಾಕ್ತಾನೆ ಅಂತ," ಅಂದಳು ಅವಳು.

ಅದಾಗಿ ವಾರಕ್ಕೆ ಲೋಹಿತಾ ಗಸಗಸೆ ಪಾಯಸ ಮಾಡಿಕೊಂಡು ಬಂದಳು. ಸಿದ್ಧಗಂಗಮ್ಮನಿಗೆ ಜೀವಕ್ಕೆ ಜೀವ ಆ ಪಾಯಸ. ಲೋಟಕ್ಕೆ ಬಗ್ಗಿಸಿದರೆ ಹಾಲಿನ ಹಾಗೆ ಇಳಿಯುತ್ತಿತ್ತು, ಅಷ್ಟು ತೆಳ್ಳಗೆ.

ಜ್ಯೋತಿಲಕ್ಷ್ಮಿ ಬಾಗಿಲಲ್ಲೇ ನೋಡಿದಳು. ಬೇಡ ಅನ್ನಬೇಕೆಂದು ಬಾಯಿ ತೆರೆದಳು. ಮೊನ್ನೆ ತಾನೇ ಎಳನೀರು ಬೇಡವೆಂದಿದ್ದಕ್ಕೆ "ಹೊಟ್ಟೆಕಿಚ್ಚು ಅತ್ತಿಗೆ ನಿಮ್ಗೆ, ನಾನು ಕೊಟ್ಟಿದ್ದು ಅವ್ವ ಕುಡೀಬಾರ್ದು" ಅನ್ನಿಸಿಕೊಂಡಿದ್ದಳು. ಈಗ ಸಿದ್ಧಗಂಗಮ್ಮ ಲೋಟ ನೋಡಿ ನಗುತ್ತಿದ್ದಳು. ಕಿವಿಯವರೆಗೂ ನಗು. ರಾಗಿ ಸರಿಗೆ ಒಂದು ದಿನವೂ ಬರದ ನಗು. ಜ್ಯೋತಿಲಕ್ಷ್ಮಿ ತೆರೆದ ಬಾಯಿ ಮುಚ್ಚಿಕೊಂಡಳು. ತಿನ್ನಲಿ, ಮಗಳ ಕೈ ರುಚಿ ತಾನೇ, ತಿನ್ನಲಿ ಅಂದುಕೊಂಡಳು ಮನಸ್ಸಿನಲ್ಲಿ.

ಅಲ್ಲಿಗೂ ಬಿಡಲಿಲ್ಲ. ಪಾಯಸ ಮುಗಿದ ಅರ್ಧ ಗಂಟೆಗೆ ತನ್ನ ಸರಿಯ ಬಟ್ಟಲು ತಂದಳು.

"ಸಾಕು, ಹೊಟ್ಟೆ ತುಂಬೈತೆ," ಅಂದಳು ಸಿದ್ಧಗಂಗಮ್ಮ.

"ಮಗಳು ಕೊಟ್ರೆ ಹೊಟ್ಟೇಲಿ ಜಾಗ ಇರ್ತದೆ, ಸೊಸೆ ಕೊಟ್ರೆ ಇರಲ್ವಾ? ಬಾಯಿ ತೆಗೀರಿ."

ಇಬ್ಬರಿಗೂ ಇಲ್ಲವೆನ್ನಲಾರದೆ ಮುದುಕಿ ಬಾಯಿ ತೆರೆದಳು. ನಾಲ್ಕನೇ ತುತ್ತಿಗೆ ಕೆಮ್ಮು ಹತ್ತಿತು. ಹೊತ್ತು ಮುಳುಗುವಷ್ಟರಲ್ಲಿ ಎದೆ ಗೊರಗೊರ ಅನ್ನತೊಡಗಿ, ತುಟಿ ನೀಲಿಯಾಗಿ, ಕರೆದರೆ ಓಗೊಡದಂತಾದಳು. ಆಂಬುಲೆನ್ಸ್ ಕೊರಟಗೆರೆ ದಾಟಿ ತುಮಕೂರಿನ ಕಡೆ ಓಡಿತು, ಒಳಗೆ ಅತ್ತಿಗೆ ಒಂದು ಕಡೆ, ನಾದಿನಿ ಇನ್ನೊಂದು ಕಡೆ.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಗದ ಓದಿ ತಲೆ ಎತ್ತಿದರು.

"ಜ್ಯೋತಿಲಕ್ಷ್ಮಿ ಯಾರು?"

"ನಾನು."

"ಉಸಿರು ಸೋಲ್ತಾ ಇದೆ. ಮಿಷನ್ ಹಾಕಿದ್ರೂ ಅವ್ರು ಮೊದಲಿನಂಗೆ ಆಗಲ್ಲ, ಅದನ್ನ ಮೊದಲೇ ಹೇಳಿದ್ದೀನಿ. ಅವ್ರು ಬೇಡ ಅಂತ ಬರೆಸಿದ್ದಾರೆ. ನೀವು ಒಪ್ಪಿದ್ರೆ ಈಗಲೇ ಬೋರ್ಡ್ ಕರೆಸ್ತೀನಿ, ಅಲ್ಲೀವರೆಗೂ ಮಾಸ್ಕಲ್ಲೇ ನೋಡ್ಕೋತೀವಿ, ಆಯಾಸ ಆಗ್ದಂಗೆ ಔಷಧಿ ಕೊಡ್ತೀವಿ. ಏನ್ ಮಾಡ್ಲಿ?"

ಲೋಹಿತಾ ನೆಲದ ಮೇಲೆ ಕೂತಿದ್ದಳು. ತಲೆಯೆತ್ತಿ ಅತ್ತಿಗೆಯನ್ನು ನೋಡಿದಳು. ನೋಡೋಣ, ಈಗ ಬಿಟ್ಟುಬಿಡುತ್ತೀರಲ್ಲ, ಅಂದಹಾಗಿತ್ತು ಆ ನೋಟ. ಹಾಗಿತ್ತೋ ಇಲ್ಲವೋ, ಜ್ಯೋತಿಲಕ್ಷ್ಮಿಗೆ ಹಾಗೆಯೇ ಕಂಡಿತು.

"ಹಾಕಿ," ಅಂದಳು.

"ಅವ್ರು ಬೇಡ ಅಂತ..."

"ಹಾಕಿ ಡಾಕ್ಟ್ರೇ. ಹೆಸರು ನಂದು ತಾನೇ ಇರೋದು? ನಾನು ಹೇಳ್ತಿದ್ದೀನಿ, ಹಾಕಿ."

ಲೋಹಿತಾ ಎದ್ದು ಬಂದು ಅವಳ ಕಾಲು ಹಿಡಿದಳು. "ಅತ್ತಿಗೆ, ನಿಮ್ಮನ್ನ ಏನೋ ಅಂದ್ಕೊಂಡಿದ್ದೆ, ತಪ್ಪಾಯ್ತು," ಅಂದಳು. ನಾದಿನಿಯನ್ನು ಕಾಲಿನಿಂದ ಎಬ್ಬಿಸುವಾಗ ಜ್ಯೋತಿಲಕ್ಷ್ಮಿಗೆ ಸಿಕ್ಕ ಸಮಾಧಾನ ಅಷ್ಟಿಷ್ಟಲ್ಲ. ಯಾರು ಬಿಟ್ಟುಬಿಡುವವಳು? ಈಗ ಹೇಳಲಿ.

ಮೊದಲ ಎರಡು ದಿನ ಇಬ್ಬರೂ ಅಕ್ಕತಂಗಿಯರಂತಿದ್ದರು. ಆಸ್ಪತ್ರೆ ಎದುರಿನ ಲಾಡ್ಜಿನಲ್ಲಿ ಒಂದೇ ಕೋಣೆ, ಒಂದೇ ಡಬ್ಬಿಯ ಊಟ. ಮಾನಸ ಮಾತ್ರ ತನ್ನ ತಾಯಿಯ ಮುಖ ನೋಡಿ ಮಾತಾಡಲಿಲ್ಲ.

"ಅಜ್ಜಿ ಕಾಗದ ಬರೆಸಿದ್ದು ಯಾತಕ್ಕಮ್ಮ?" ಎಂದು ಒಮ್ಮೆ ಕೇಳಿದಳು, ಅಷ್ಟೇ.

"ಹೆತ್ತವ್ವನಾ ಅಂತ ಕೇಳುದ್ರಲ್ಲ. ಅದಕ್ಕೆ," ಅಂದಳು ಜ್ಯೋತಿಲಕ್ಷ್ಮಿ.

"ಅದಕ್ಕೆ ಅವ್ರನ್ನ ಅಲ್ಲಿ ಮಲಗಿಸಿದ್ದೀಯಾ?"

ಜ್ಯೋತಿಲಕ್ಷ್ಮಿ ಮಗಳ ಮೇಲೆ ಕೈ ಎತ್ತಿದಳು, ಹೊಡೆಯಲಿಲ್ಲ.

ಐಸಿಯು ಒಳಗೆ ದಿನಕ್ಕೆ ಒಬ್ಬರನ್ನು ಬಿಡುತ್ತಿದ್ದರು. ಸಿದ್ಧಗಂಗಮ್ಮನಿಗೆ ಪ್ರಜ್ಞೆ ಬಂದೂ ಬರದ ಹಾಗೆ. ಔಷಧಿ ಇಳಿದಾಗ ಕೈ ತಾನಾಗಿಯೇ ಬಾಯಿಯ ಪೈಪಿಗೆ ಹೋಗುತ್ತಿತ್ತು. ಐದನೇ ದಿನ ಲೋಹಿತಾ ಒಳಗೆ ಹೋದವಳು ಹೋದಷ್ಟೇ ಬೇಗ ಹೊರಗೆ ಬಂದಳು. ಮೆಟ್ಟಿಲ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಜ್ಯೋತಿಲಕ್ಷ್ಮಿಯ ಪಕ್ಕ ಕುಸಿದಳು.

"ಅವ್ವನ ಕೈ ಕಟ್ಟವ್ರೆ ಅತ್ತಿಗೆ."

"ಊಟ ಮಾಡು."

"ಅಪ್ಪಂಗೆ ಕಟ್ಟಿದ್ರಲ್ಲ, ಅಂಗೇ ಕಟ್ಟವ್ರೆ. ನನ್ನ ನೋಡಿದ್ಲು. ನೋಡಿ ಮುಖ ಆ ಕಡೆ ತಿರುಗಿಸ್ಕೊಂಡ್ಲು." ಲೋಹಿತಾ ಅತ್ತಿಗೆಯ ತೋಳು ಹಿಡಿದಳು. "ಬುಟ್ಬುಡಿ ಅತ್ತಿಗೆ. ಸೈನ್ ಹಾಕಿ. ನಮ್ಮವ್ವನ್ನ ಬುಟ್ಬುಡಿ."

ಜ್ಯೋತಿಲಕ್ಷ್ಮಿ ತೋಳು ಕೊಡವಿಕೊಂಡಳು. ಚಿತ್ರಾನ್ನ ಮೆಟ್ಟಿಲ ಮೇಲೆ ಚೆಲ್ಲಿತು.

"ಈಗ ಬುಟ್ಬುಡ್ಬೇಕಾ? ಪಾಯಸ ಕುಡಿಸಿದ್ದೂ ನೀನು. ಮಿಷನ್ ಹಾಕ್ಸಿದಾಗ ಕಾಲು ಹಿಡಿದಿದ್ದೂ ನೀನು. ಈಗ 'ಅವ್ವನ ಸಂಕಟ ನೋಡಾಕಾಗಲ್ಲ' ಅನ್ನೋ ಒಳ್ಳೆತನಾನೂ ನಿನ್ಗೇ ಬೇಕಾ? ನಿನ್ಗೆ ಎಷ್ಟು ಸಿಕ್ಕುದ್ರೂ ಸಾಲಲ್ವಾ ಲೋಹಿತಾ?"

"ನೀವು ನೋಡ್ತಿದ್ರಿ!" ಲೋಹಿತಾ ಕಿರುಚಿದಳು. "ಪಾಯಸ ಕುಡಿಸೋವಾಗ ಬಾಗಿಲಲ್ಲಿ ನಿಂತು ನೋಡ್ತಿದ್ರಿ. ಬೇಡ ಅನ್ಲಿಲ್ಲ ಯಾಕೆ?"

"ಅಂದಿದ್ರೆ ಹೊಟ್ಟೆಕಿಚ್ಚು ಅಂತಿದ್ದೆ."

"ಹೊಟ್ಟೆಕಿಚ್ಚೇ ಅಲ್ವಾ?"

"ಹೂಂ, ಹೊಟ್ಟೆಕಿಚ್ಚೇ! ಹೊಟ್ಟೆಕಿಚ್ಚೇ ಕಣೆ! ನಿನ್ನ ನೋಡುದ್ರೆ ನಗ್ತಾರೆ, ನನ್ನ ನೋಡುದ್ರೆ ಮೂತಿ ತಿರುಗಿಸ್ತಾರೆ. ಇಷ್ಟು ವರ್ಷ ಸುಟ್ಕೊಂಡೇ ಬಂದಿದ್ದೀನಿ ನಾನು."

ಮೆಟ್ಟಿಲು ಹತ್ತುವವರು ಇಳಿಯುವವರೆಲ್ಲ ನಿಂತು ನೋಡಿದರು. ಸೆಕ್ಯುರಿಟಿಯವನು ಬಂದು "ಅಮ್ಮಾ, ಮನೆ ಜಗಳ ಮನೇಲಿಟ್ಕೊಳ್ಳಿ" ಅಂದ. ಲೋಹಿತಾ ಕೂತು ಚೆಲ್ಲಿದ ಅನ್ನವನ್ನು ಡಬ್ಬಿಗೆ ಬಳಿದಳು. 

ಮಾರನೆಯ ದಿನ ಒಳಗೆ ಹೋಗುವ ಸರದಿ ಅವಳದ್ದು. ಮಗಳನ್ನು ನೋಡಿ ತಿರುಗಿಸಿಕೊಂಡ ಮುಖ ತನ್ನ ಕಡೆಗೆ ತಿರುಗುತ್ತದೆಯೇನೋ ಎಂಬ ಆಸೆ ಅವಳಿಗೆ ಆಗಲೂ ಇತ್ತು. ಇಲ್ಲವೆಂದರೆ ಸುಳ್ಳು. ಸಿದ್ಧಗಂಗಮ್ಮ ಕಣ್ಣು ತೆರೆಯಲಿಲ್ಲ. ಬ್ಯಾಂಡೇಜ್ ಬಟ್ಟೆಯ ಪಟ್ಟಿಯಲ್ಲಿ ಮಂಚದ ಸರಳಿಗೆ ಕಟ್ಟಿದ ಕೈಗಳು, ಪಟ್ಟಿ ಉಜ್ಜಿ ಮಣಿಕಟ್ಟು ಕಪ್ಪಾಗಿತ್ತು. ಆ ಮಣಿಕಟ್ಟಿಗೆ ದಿನಾ ಎಣ್ಣೆ ತೀಡಿದವಳು ಅವಳೇ. ಚರ್ಮ ಎಷ್ಟು ತೆಳು ಎಂದು ಅವಳಿಗೆ ಗೊತ್ತಿತ್ತು. ಮಗಳಿಗೂ ಅಷ್ಟು ಗೊತ್ತಿರಲಿಲ್ಲ.

"ನೋಯ್ತದಾ ಅತ್ತೆಮ್ಮ?" ಎಂದು ಕೇಳಿದಳು. ಕೇಳಿ ತಾನೇ ಅತ್ತಳು. "ಏನ್ ಮಾಡ್ಬುಟ್ಟೆ ನಾನು. ಅಯ್ಯೋ, ಏನ್ ಮಾಡ್ಬುಟ್ಟೆ."

ಹೊರಗೆ ಬಂದು ಡಾಕ್ಟರಮ್ಮನ ಕೋಣೆಗೆ ನೆಟ್ಟಗೆ ಹೋದಳು. "ಎಲ್ಲಿ ಸೈನ್ ಹಾಕ್ಬೇಕು ತೋರ್ಸಿ," ಅಂದಳು.

ಅದು ಅಷ್ಟು ಸುಲಭವಿರಲಿಲ್ಲ. ಮೂವರು ಡಾಕ್ಟರುಗಳು ಕೂತು ನೋಡಿದರು, ಆಮೇಲೆ ಬೇರೆ ಮೂವರು ಬಂದು ನೋಡಿದರು. ಪ್ರತಿ ಸಲವೂ ಜ್ಯೋತಿಲಕ್ಷ್ಮಿಯನ್ನು ಒಳಗೆ ಕರೆದು ಕೇಳಿದರು. ಮೊದಲು ಹಾಕಿ ಅಂದವರು ಈಗ ತೆಗೀರಿ ಅಂತೀರಲ್ಲ, ಯಾಕೆ?

"ಆಗ ಹೇಳಿದ್ದು ನನ್ಗೋಸ್ಕರ," ಅಂದಳು ಅವಳು. "ಈಗ ಹೇಳ್ತಿರೋದು ಅವ್ರಿಗೋಸ್ಕರ."

ನಾಗಭೂಷಣ ಬಾಗಿಲ ಹೊರಗೆ ನಿಂತು ಅಳುತ್ತಿದ್ದ. ಒಬ್ಬ ಡಾಕ್ಟರು ಅವನಿಗೆ ನೀರು ತರಿಸಿಕೊಟ್ಟರು.

ಪೈಪು ತೆಗೆದು ಬೇರೆ ಕೋಣೆಗೆ ಸಾಗಿಸಿದ ದಿನ ಸಿದ್ಧಗಂಗಮ್ಮನ ಕೈಗಳು ಹೊದಿಕೆಯ ಮೇಲೆ ಬಿಡಿಯಾಗಿ ಬಿದ್ದಿದ್ದವು. ಉಸಿರು ತಾನಾಗಿಯೇ ಆಡುತ್ತಿತ್ತು, ತಡೆತಡೆದು. ಕೆಲವು ಗಂಟೆಯೋ ಒಂದೆರಡು ದಿನವೋ ಹೇಳಲಾಗದು ಎಂದರು. ಈಗ ಆಯಾಸವಿಲ್ಲದಂತೆ ಮಾತ್ರ ಔಷಧಿ. ಬೆಳಗಿನಿಂದ ಲೋಹಿತಾ ತಾಯಿಯ ಕಾಲ ಬಳಿ ಕದಲದೆ ಕೂತಿದ್ದಳು. ಅತ್ತಿಗೆ ನಾದಿನಿ ಆಡಲೇಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು. ದಿಂಬು ಕೊಡಿ, ಹತ್ತಿ ಎಲ್ಲಿ, ಅಷ್ಟು.

ನಾಗಭೂಷಣ ಮಧುಗಿರಿಗೆ ಹೋಗಿ ಮಠದ ಅಯ್ಯನವರನ್ನು ಕರೆತಂದ. ಜೀವ ಇರುವಾಗಲೇ ಅಯ್ಯನವರ ಕೈಯಿಂದ ಹಣೆಗೆ ವಿಭೂತಿ ಇಡಿಸಬೇಕೆಂಬುದು ಮನೆಯ ಪದ್ಧತಿ. ಗೇಟಿನಲ್ಲಿ ಪಾಸಿಲ್ಲವೆಂದು ತಡೆದಿದ್ದಾರೆಂದು ಫೋನು ಬಂತು. ಲೋಹಿತಾ ಪಾಸು ತೆಗೆದುಕೊಂಡು ಕೆಳಗೆ ಓಡಿದಳು.

ಕೋಣೆಯಲ್ಲಿ ಜ್ಯೋತಿಲಕ್ಷ್ಮಿ ಒಬ್ಬಳೇ. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದಾಗ ಸಿದ್ಧಗಂಗಮ್ಮನ ರೆಪ್ಪೆ ಅಲುಗಿತು. ಬಾಯಿ ಏನೋ ಹುಡುಕಿತು. ಜ್ಯೋತಿಲಕ್ಷ್ಮಿ ಕಿವಿ ಕೊಟ್ಟಳು.

"ಲೋಹೀ..."

ಪೈಪು ತಿಂದ ಗಂಟಲಿನಿಂದ ಬರೀ ಗಾಳಿಯಷ್ಟೇ ಬಂತು, ಆದರೂ ಹೆಸರು ಸ್ಪಷ್ಟ. ಜ್ಯೋತಿಲಕ್ಷ್ಮಿಯ ಎದೆಯಲ್ಲಿ ಹಳೆಯ ಉರಿ ಭಗ್ಗೆಂದಿತು. ಈಗಲೂ ಅವಳೇ! ಬಾಗಿಲ ಕಡೆ ನೋಡಿದಳು, ಯಾರೂ ಇಲ್ಲ. ಫೋನು ಕೈಗೆತ್ತಿಕೊಂಡಳು. ಒಂದು ಉಸಿರು ಹೋದದ್ದು ಇನ್ನೊಂದು ಬರುವುದಕ್ಕೆ ಬಹಳ ಹೊತ್ತಾಯಿತು. ಫೋನು ಇಟ್ಟಳು.

"ಲೋಹೀ..."

"ಹೂಂ ಕಣವ್ವ," ಅಂದಳು ಜ್ಯೋತಿಲಕ್ಷ್ಮಿ, ಕೈ ಹಿಡಿದುಕೊಂಡು. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಮುದುಕಿಯನ್ನು ಅವ್ವ ಎಂದದ್ದು ಅದೇ ಮೊದಲು. "ಇಲ್ಲೇ ಇವ್ನಿ ಕಣವ್ವ. ನೀನು ಹೋಗು, ನಾನು ಬುಟ್ಟಿದ್ದೀನಿ."

ನಡುಗುವ ಬೆರಳುಗಳು ಅವಳ ಕೈಯನ್ನು ಒತ್ತಿದವು. ಸಿದ್ಧಗಂಗಮ್ಮನ ಮುಖ ಸಡಿಲವಾಯಿತು. ಮುಂದಿನ ಉಸಿರಿಗೆ ಜ್ಯೋತಿಲಕ್ಷ್ಮಿ ಕಾದಳು, ಬರಲಿಲ್ಲ.

ಲೋಹಿತಾ ಏದುಸಿರು ಬಿಡುತ್ತಾ ಬಂದಳು, ಹಿಂದೆ ನಾಗಭೂಷಣ, ಅಯ್ಯನವರು. ಅತ್ತಿಗೆಯ ಮುಖ ನೋಡಿಯೇ ಅರ್ಥವಾಯಿತು. ಮಂಚದ ಹತ್ತಿರ ಬಂದು ನಿಂತಳು.

"ಏನಾದ್ರೂ ಅಂದ್ಲಾ ಅವ್ವ?"

ಏನೂ ಇಲ್ಲ ಅನ್ನುವುದು ಎಷ್ಟು ಸಲೀಸಾಗಿತ್ತು. ಕೇಳಿದವರು ಬೇರೆ ಯಾರೂ ಇರಲಿಲ್ಲ. ಆ ಮಾತು ಜ್ಯೋತಿಲಕ್ಷ್ಮಿಯ ನಾಲಿಗೆಯ ತುದಿಗೂ ಬಂತು.

"ನಿನ್ನ ಕರುದ್ರು," ಅಂದಳು.

"ನನ್ನಾ?" ಲೋಹಿತಾಳ ಬಾಯಿ ಸೊಟ್ಟಗಾಯಿತು. "ನೀವೇನಂದ್ರಿ?"

"ಹೂಂ ಅಂದೆ."

"ಅತ್ತಿಗೆ ಅಂತ ಗೊತ್ತಾಯ್ತಾ ಅವ್ಳಿಗೆ?"

"ಇಲ್ಲ. ನೀನು ಅಂದ್ಕೊಂಡ್ರು. ನಾನೂ ಅಂಗೇ ಮಾತಾಡ್ದೆ. ಅವ್ವ ಅಂದೆ."

ಲೋಹಿತಾ ಅತ್ತಿಗೆಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಈಗ ಎದ್ದದ್ದು ಏನೆಂದು ಜ್ಯೋತಿಲಕ್ಷ್ಮಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ.

"ಅದನ್ನೂ ನೀವೇ ತಗೊಂಡ್ರಾ ಅತ್ತಿಗೆ?"

"ತಗೊಂಡೆ," ಅಂದಳು ಜ್ಯೋತಿಲಕ್ಷ್ಮಿ.

ಅಯ್ಯನವರು ವಿಭೂತಿ ಗಟ್ಟಿ ತೆಗೆದು ಮುಂದೆ ಬಂದರು. ಲೋಹಿತಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಸರೀರಿ ಈಗ. ನಮ್ಮವ್ವನ ಕೈ ಬುಡಿ."

ಜ್ಯೋತಿಲಕ್ಷ್ಮಿ ಬಿಡಲಿಲ್ಲ. ಲೋಹಿತಾ ಇನ್ನೊಂದು ಸಲ "ಬುಡಿ" ಅಂದಳು, ಆಮೇಲೆ ಮಂಚ ಸುತ್ತಿ ಹೋಗಿ ಆ ಕಡೆಯ ಕೈ ಹಿಡಿದುಕೊಂಡು ಕೂತಳು.